ಗೆಡ್ಡೆ ಕೆಂಪಗೆ ಹೊಳೆದರೆ ಔಷಧ ಕೆಲಸ ಮಾಡುತ್ತಿದೆ ಅಂತಲಾ?

ಪ್ರಶ್ನೆ: ನಮ್ಮ ದೊಡ್ಡಪ್ಪನಿಗೆ ಮಿದುಳಿನಲ್ಲಿ ಗೆಡ್ಡೆ ಇದೆ. ಆಪರೇಷನ್‌ಗೆ ಮೊದಲು ಒಂದು ದ್ರಾವಣ ಕುಡಿಸುತ್ತೇವೆ, ನೀಲಿ ಬೆಳಕು ಬಿಟ್ಟಾಗ ಗೆಡ್ಡೆ ಕೆಂಪಗೆ ಹೊಳೆಯುತ್ತದೆ, ಅದನ್ನು ನೋಡಿಕೊಂಡು ತೆಗೆಯುತ್ತೇವೆ ಎಂದು ಡಾಕ್ಟರು ಹೇಳಿದರು. ಮನೆಗೆ ಬಂದು ಓದಿದರೆ, ಇದೇ ಔಷಧ ಬೆಳಕು ಬಿದ್ದಾಗ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ ಎಂದೂ ಇತ್ತು. ಹಾಗಾದರೆ ಹೊಳೆಯುತ್ತಿದೆ ಅಂದರೆ ಕೊಲ್ಲುತ್ತಿದೆ ಅಂತಲಾ? ಹಾಗಿದ್ದರೆ ಚಾಕು ಯಾಕೆ ಬೇಕು? ಬದುಕಿರುವ ದೇಹದೊಳಗೆ ಔಷಧ ಎಲ್ಲಿದೆ, ಏನು ಮಾಡುತ್ತಿದೆ ಎಂದು ಬೆಳಕಿನಿಂದ ಹೇಗೆ ನೋಡುತ್ತಾರೆ? ಹೊಟ್ಟೆಯೊಳಗಿನ ಗೆಡ್ಡೆಯನ್ನೂ ಹೊರಗಿನಿಂದ ಹೀಗೇ ನೋಡಬಹುದಾ? ಪಿಯುಸಿ ತನಕ ವಿಜ್ಞಾನ ಓದಿದ್ದೇನೆ. ಸ್ವಲ್ಪ ವಿವರವಾಗಿಯೇ ಹೇಳಿ.

ಉತ್ತರ: ಮೊದಲ ಪ್ರಶ್ನೆಗೆ ನೇರ ಉತ್ತರ: ಇಲ್ಲ. ಗೆಡ್ಡೆ ಕೆಂಪಗೆ ಹೊಳೆದರೆ ಔಷಧ ಅಲ್ಲಿ ಸೇರಿಕೊಂಡಿದೆ ಎಂದಷ್ಟೇ ಗೊತ್ತಾಗುತ್ತದೆ. ಅದು ಕೋಶವನ್ನು ಕೊಲ್ಲುತ್ತಿದೆಯೋ ಇಲ್ಲವೋ ಎಂದು ಬರೀ ಹೊಳಪು ನೋಡಿ ಹೇಳಲು ಆಗುವುದಿಲ್ಲ. ಇನ್ನೂ ಒಂದು ಮಾತಿದೆ, ಕೇಳಿದರೆ ನಿಮಗೆ ವಿಚಿತ್ರ ಅನ್ನಿಸಬಹುದು. ಹೊಳೆಯುವುದಕ್ಕೆ ಖರ್ಚಾದ ಬೆಳಕು ಕೊಲ್ಲುವುದಕ್ಕೆ ಸಿಗುವುದಿಲ್ಲ. ಅದಕ್ಕೇ ಈ ಕೆಲಸದಲ್ಲಿ ಇರುವವರು ಗೆಡ್ಡೆ ಎಷ್ಟು ಹೊಳೆಯುತ್ತದೆ ಎಂಬುದರ ಜೊತೆಗೆ, ಬೆಳಕು ಬಿಡುತ್ತಾ ಹೋದ ಹಾಗೆ ಆ ಹೊಳಪು ಹೇಗೆ ಇಳಿಯುತ್ತದೆ ಎಂಬುದನ್ನು ಕಣ್ಣಿಟ್ಟು ನೋಡುತ್ತಾರೆ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ನಿಮ್ಮ ದೊಡ್ಡಪ್ಪ ಕುಡಿಯುವ ದ್ರಾವಣದಲ್ಲಿರುವುದು ಅಮೈನೋಲೆವುಲಿನಿಕ್ ಆಮ್ಲ. ಆಸ್ಪತ್ರೆಯಲ್ಲಿ ಎಎಲ್‌ಎ ಅನ್ನುತ್ತಾರೆ. ದೇಹದ ತೂಕದ ಒಂದು ಕೆಜಿಗೆ 20 ಮಿಲಿಗ್ರಾಂ ಲೆಕ್ಕ. ಅರಿವಳಿಕೆ ಕೊಡುವುದಕ್ಕೆ ಸುಮಾರು ಮೂರು ಗಂಟೆ ಮೊದಲು ನೀರಿನಲ್ಲಿ ಕರಗಿಸಿ ಕುಡಿಸುತ್ತಾರೆ. ಇದು ದೇಹಕ್ಕೆ ಹೊಸ ವಸ್ತುವೇನಲ್ಲ. ನಿಮ್ಮ ದೇಹದಲ್ಲಿ, ನನ್ನ ದೇಹದಲ್ಲಿ ಈಗಲೂ ತಯಾರಾಗುತ್ತಿದೆ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಎಂಬ ಅಣುವನ್ನು ಕೋಶಗಳು ಕಟ್ಟುವುದು ಇದರಿಂದಲೇ. ಹಲವು ಹಂತ ದಾಟಿದ ಮೇಲೆ ಕೊನೆಗೆ ಪ್ರೋಟೋಪಾರ್ಫಿರಿನ್ ಎಂಬ ಅಣು ಬರುತ್ತದೆ. ಅದರ ನಡುವೆ ಒಂದು ಕಬ್ಬಿಣದ ಪರಮಾಣು ಕೂರಿಸಿದರೆ ಹೀಮ್ ಆಯಿತು. ಆ ಕಬ್ಬಿಣ ಕೂರಿಸುವ ಕಿಣ್ವದ ಹೆಸರು ಫೆರೋಕೆಲಟೇಸ್.

ಇಡೀ ವಿಷಯ ನಿಂತಿರುವುದು ಈ ಕೊನೆಯ ಹಂತದ ಮೇಲೆ. ಎಎಲ್‌ಎ ಹೊಳೆಯುವುದಿಲ್ಲ. ಹೀಮ್ ಕೂಡ ಹೊಳೆಯುವುದಿಲ್ಲ, ನಡುವಿನ ಕಬ್ಬಿಣ ಹೊಳಪನ್ನು ನುಂಗಿಬಿಡುತ್ತದೆ. ಹೊಳೆಯುವುದು ಇವೆರಡರ ಮಧ್ಯೆ ಬರುವ ಪ್ರೋಟೋಪಾರ್ಫಿರಿನ್ ಮಾತ್ರ. ಹೊರಗಿನಿಂದ ಒಮ್ಮೆಲೇ ಎಎಲ್‌ಎ ಕೊಟ್ಟಾಗ ಆರೋಗ್ಯವಂತ ಮಿದುಳಿನ ಅಂಗಾಂಶದಲ್ಲಿ ಇದು ಅಷ್ಟಾಗಿ ಜಮೆಯಾಗುವುದಿಲ್ಲ. ಗ್ಲಿಯೋಮಾ ಎಂಬ, ವೇಗವಾಗಿ ಬೆಳೆಯುವ ಮಿದುಳಿನ ಗೆಡ್ಡೆಯಲ್ಲಿ ರಕ್ತನಾಳದ ತಡೆ ಸಡಿಲವಾಗಿರುತ್ತದೆ, ಎಎಲ್‌ಎ ಜಾಸ್ತಿ ಒಳಗೆ ಹೋಗುತ್ತದೆ, ಕಬ್ಬಿಣ ಕೂರಿಸುವ ಕೆಲಸ ಹಿಂದೆ ಬೀಳುತ್ತದೆ. ಹೀಗಾಗಿ ಪ್ರೋಟೋಪಾರ್ಫಿರಿನ್ ಅಲ್ಲೇ ರಾಶಿ ಬೀಳುತ್ತದೆ. ಅಂದರೆ ಹೊಳೆಯುವ ವಸ್ತುವನ್ನು ಯಾರೂ ಹೊರಗಿನಿಂದ ಹಾಕಿದ್ದಲ್ಲ, ಗೆಡ್ಡೆಯ ಕೋಶಗಳೇ ಮಾಡಿಕೊಂಡಿದ್ದು. ಇದನ್ನು ಚಿಕಿತ್ಸೆಗೆ ಬಳಸಬಹುದು ಎಂದು 1990ರಲ್ಲಿ ತೋರಿಸಿದವರು ಕೆನಡಾದ ಕಿಂಗ್‌ಸ್ಟನ್‌ನ ಜೇಮ್ಸ್ ಕೆನಡಿ ಮತ್ತು ರಾಯ್ ಪಾಟಿಯರ್. ಚರ್ಮದ ಕ್ಯಾನ್ಸರ್ ಮೇಲೆ ಎಎಲ್‌ಎ ಹಚ್ಚಿ ಅವರು ಬೆಳಕು ಬಿಟ್ಟಿದ್ದರು.

ಈಗ ಬೆಳಕಿನ ವಿಷಯಕ್ಕೆ ಬರೋಣ. ಆಪರೇಷನ್ ಮೈಕ್ರೋಸ್ಕೋಪ್‌ನಿಂದ 405 ನ್ಯಾನೋಮೀಟರ್ ಆಸುಪಾಸಿನ ನೀಲಿ ನೇರಳೆ ಬೆಳಕು ಬರುತ್ತದೆ. ಪ್ರೋಟೋಪಾರ್ಫಿರಿನ್ ಅದನ್ನು ಹೀರಿಕೊಂಡು ಚುರುಕಾಗುತ್ತದೆ. ಚುರುಕಾದ ಅಣು ಆ ಶಕ್ತಿಯನ್ನು ಹೇಗಾದರೂ ಇಳಿಸಿಕೊಳ್ಳಲೇಬೇಕು. ಅದಕ್ಕೆ ಮುಖ್ಯವಾಗಿ ಮೂರು ದಾರಿ. ಶಾಖವಾಗಿ ಬಿಟ್ಟುಬಿಡಬಹುದು. 635 ನ್ಯಾನೋಮೀಟರ್‌ನ ಕೆಂಪು ಬೆಳಕಾಗಿ ಉಗುಳಬಹುದು, ಸರ್ಜನ್‌ಗೆ ಕಾಣುವುದು ಇದೇ, ಹೆಸರು ಫ್ಲೋರೆಸೆನ್ಸ್. ಇಲ್ಲವೇ ಟ್ರಿಪ್ಲೆಟ್ ಎಂಬ ಇನ್ನೊಂದು ಸ್ಥಿತಿಗೆ ಜಾರಬಹುದು. ಟ್ರಿಪ್ಲೆಟ್ ಸ್ಥಿತಿಯ ಆಯುಸ್ಸು ಅಣುವಿನ ಲೆಕ್ಕದಲ್ಲಿ ತುಂಬಾ ದೀರ್ಘ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಆಮ್ಲಜನಕದ ಅಣು ಸಿಕ್ಕಿದರೆ ಶಕ್ತಿಯನ್ನು ಅದಕ್ಕೆ ದಾಟಿಸಿಬಿಡುತ್ತದೆ. ಆಗ ಹುಟ್ಟುವುದು ಸಿಂಗ್ಲೆಟ್ ಆಮ್ಲಜನಕ. ಕೋಶವನ್ನು ಕೊಲ್ಲುವ ಕೆಲಸ ಬಹುಪಾಲು ಇದರದ್ದೇ. ಹತ್ತಿರದ ಕೊಬ್ಬು, ಪ್ರೋಟೀನು, ಏನು ಸಿಕ್ಕರೂ ಅದರ ಜೊತೆ ಸೇರಿ ಹಾಳುಮಾಡುತ್ತದೆ. ನೀರಿನಲ್ಲೇ ಇದು ಮೂರೂವರೆ ಮೈಕ್ರೋಸೆಕೆಂಡು ಬದುಕಿದರೆ ಹೆಚ್ಚು, ಕೋಶದೊಳಗೆ ಇನ್ನೂ ಕಡಿಮೆ. ಅಷ್ಟರಲ್ಲಿ ಒಂದು ಮೈಕ್ರೋಮೀಟರ್ ಕೂಡ ದಾಟುವುದಿಲ್ಲ. ಒಂದು ಕೋಶ ಹತ್ತಿಪ್ಪತ್ತು ಮೈಕ್ರೋಮೀಟರ್ ಅಗಲ ಇರುತ್ತದೆ. ಅಂದರೆ ಪಕ್ಕದ ಕೋಶದ ಮಾತು ಬಿಡಿ, ಹುಟ್ಟಿದ ಕೋಶದ ಆಚೆ ಬದಿಯನ್ನೂ ಅದು ಮುಟ್ಟುವುದಿಲ್ಲ.

ಈಗ ನೋಡಿ, ಹೊಳೆಯುವುದು ಒಂದು ದಾರಿ, ಕೊಲ್ಲುವುದು ಇನ್ನೊಂದು ದಾರಿ. ಒಂದು ಅಣು ಒಮ್ಮೆ ಹೀರಿದ ಬೆಳಕಿನಿಂದ ಎರಡೂ ಮಾಡಲಾರದು. ಪ್ರೋಟೋಪಾರ್ಫಿರಿನ್‌ನಲ್ಲಿ ಹೊಳೆಯುವ ದಾರಿ ಹಿಡಿಯುವವು ನೂರರಲ್ಲಿ ಕೆಲವೇ. ಆಮ್ಲಜನಕ ಸಾಕಷ್ಟಿದ್ದರೆ ಅರ್ಧದಷ್ಟು ಅಥವಾ ಅದಕ್ಕಿಂತ ಜಾಸ್ತಿ ಸಿಂಗ್ಲೆಟ್ ಆಮ್ಲಜನಕ ಮಾಡುವ ದಾರಿ ಹಿಡಿಯುತ್ತವೆ. ಆಮ್ಲಜನಕ ಇಲ್ಲದ ಕಡೆಯೂ ಔಷಧ ಚೆನ್ನಾಗಿಯೇ ಹೊಳೆಯುತ್ತದೆ, ಆದರೆ ಕೋಶಕ್ಕೆ ಏನೂ ಆಗುವುದಿಲ್ಲ. ನಿಮ್ಮ ಪ್ರಶ್ನೆಗೆ ನಾನು ಅಷ್ಟು ಖಚಿತವಾಗಿ ಇಲ್ಲ ಅಂದಿದ್ದು ಇದಕ್ಕೇ.

ಔಷಧ, ಬೆಳಕು, ಆಮ್ಲಜನಕ. ಮೂರೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಸೇರಿದರೆ ಮಾತ್ರ ಕೆಲಸ. ಬೆಳಕಿನ ಪಾತ್ರ ಗೊತ್ತಾದದ್ದು 1900ರ ಸುಮಾರಿಗೆ, ಜರ್ಮನಿಯ ಮ್ಯೂನಿಕ್‌ನಲ್ಲಿ. ಆಸ್ಕರ್ ರಾಬ್ ಎಂಬ ವೈದ್ಯ ವಿದ್ಯಾರ್ಥಿ ಪ್ಯಾರಮೀಸಿಯಂ ಮೇಲೆ ಅಕ್ರಿಡಿನ್ ಎಂಬ ಬಣ್ಣದ ಪ್ರಯೋಗ ಮಾಡುತ್ತಿದ್ದರು. ಅಷ್ಟೇ ಬಣ್ಣ ಹಾಕಿದರೂ ಒಮ್ಮೆ ಬೇಗ ಸಾಯುತ್ತಿದ್ದವು, ಒಮ್ಮೆ ಬದುಕಿರುತ್ತಿದ್ದವು. ವ್ಯತ್ಯಾಸ ಇದ್ದದ್ದು ಅಂದಿನ ಬೆಳಕಿನಲ್ಲಿ. ಅವರ ಗುರು ಹರ್ಮನ್ ಫಾನ್ ಟಪ್ಪೈನರ್ ಮುಂದುವರಿಸಿ, ಆಮ್ಲಜನಕವೂ ಬೇಕು ಎಂದು ಕಂಡುಕೊಂಡರು. ಗೆಡ್ಡೆ ಹೊಳೆಯುವುದನ್ನು ನೋಡಿದ್ದು ಆಮೇಲೆ. 1924ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಪೋಲಿಕಾರ್ ಎಂಬ ವೈದ್ಯರು ಇಲಿಗಳ ಗೆಡ್ಡೆಗೆ ಅತಿನೇರಳೆ ದೀಪ ಹಿಡಿದಾಗ ಕೆಂಪು ಹೊಳಪು ಕಂಡಿತು. ನೋಡುವುದು, ಕೊಲ್ಲುವುದು ಎರಡೂ ಇದೇ ಜಾತಿಯ ಅಣುಗಳಿಂದ ಸಾಧ್ಯ ಎಂಬ ಯೋಚನೆ ಗಟ್ಟಿಯಾಗಿ ಚಿಕಿತ್ಸೆಯಾಗುವುದಕ್ಕೆ ಇನ್ನೂ ಅರ್ಧ ಶತಮಾನ ಹಿಡಿಯಿತು. 1970ರ ದಶಕದಲ್ಲಿ ಅಮೆರಿಕದ ಬಫಲೋ ನಗರದಲ್ಲಿ ಥಾಮಸ್ ಡೌಹರ್ಟಿ ಹಟ ಹಿಡಿದು ಮಾಡಿದ ಕೆಲಸದಿಂದ ಫೋಟೋಫ್ರಿನ್ ಎಂಬ ಔಷಧ ಬಂತು. 1993ರಲ್ಲಿ ಕೆನಡಾ, 1995ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟವು. ಈ ಚಿಕಿತ್ಸೆಗೆ ಫೋಟೊಡೈನಾಮಿಕ್ ಥೆರಪಿ ಎಂದು ಹೆಸರು. ಬಾಯಿಮಾತಿನಲ್ಲಿ ಪಿಡಿಟಿ.

ಹಾಗಾದರೆ ದೊಡ್ಡಪ್ಪನಿಗೆ ಚಾಕು ಯಾಕೆ? ಮೈಕ್ರೋಸ್ಕೋಪಿನ ನೀಲಿ ಬೆಳಕು ಮಿದುಳಿನೊಳಗೆ ಒಂದು ಮಿಲಿಮೀಟರ್ ಕೂಡ ಸರಿಯಾಗಿ ಇಳಿಯುವುದಿಲ್ಲ. ಮೇಲ್ಪದರ ನೋಡುವುದಕ್ಕೆ ಸಾಕು, ಗೆಡ್ಡೆ ಸುಡುವುದಕ್ಕೆ ಏನೇನೂ ಸಾಲದು. ಆದರೆ ನೋಡುವುದರಿಂದಲೇ ಬಂದ ಲಾಭ ಸಣ್ಣದಲ್ಲ. ಜರ್ಮನಿಯ ನರಶಸ್ತ್ರಚಿಕಿತ್ಸಕ ವಾಲ್ಟರ್ ಸ್ಟುಮ್ಮರ್ ನೇತೃತ್ವದ ದೊಡ್ಡ ಪರೀಕ್ಷೆಯ ಫಲಿತಾಂಶ 2006ರಲ್ಲಿ ಬಂತು. ಸ್ಕ್ಯಾನ್‌ನಲ್ಲಿ ಎದ್ದು ಕಾಣುವ ಗೆಡ್ಡೆಯನ್ನು ಪೂರ್ತಿ ತೆಗೆಯಲು ಆದದ್ದು ಸಾಮಾನ್ಯ ಬೆಳಕಿನಲ್ಲಿ 36 ಶೇಕಡಾ ರೋಗಿಗಳಲ್ಲಿ, ಎಎಲ್‌ಎ ಹೊಳಪಿನಲ್ಲಿ 65 ಶೇಕಡಾ ರೋಗಿಗಳಲ್ಲಿ. ಆರು ತಿಂಗಳ ನಂತರ ರೋಗ ಮುಂದುವರಿಯದೆ ಇದ್ದವರು ಒಂದು ಕಡೆ 21 ಶೇಕಡಾ, ಇನ್ನೊಂದು ಕಡೆ 41 ಶೇಕಡಾ. ಯುರೋಪಿನಲ್ಲಿ 2007ರಲ್ಲೂ ಅಮೆರಿಕದಲ್ಲಿ 2017ರಲ್ಲೂ ಇದಕ್ಕೆ ಅನುಮತಿ ಸಿಕ್ಕಿತು. ನಿಮ್ಮ ಡಾಕ್ಟರು ಇದನ್ನು ಬಳಸುತ್ತೇವೆ ಅಂದಿದ್ದಾರೆ ಎಂದರೆ ಅದರ ಹಿಂದೆ ಗಟ್ಟಿ ಆಧಾರ ಇದೆ.

ಮಿದುಳಿನ ಗೆಡ್ಡೆಗೆ ಬೆಳಕಿನ ಚಿಕಿತ್ಸೆಯೇ ಇಲ್ಲ ಎಂದಲ್ಲ. ಜಪಾನ್ 2013ರಲ್ಲಿ ಟಾಲಪೋರ್ಫಿನ್ ಎಂಬ ಬೇರೆ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಅಲ್ಲೂ ಮೊದಲು ಗೆಡ್ಡೆ ತೆಗೆಯುತ್ತಾರೆ. ಆಮೇಲೆ ಖಾಲಿಯಾದ ಜಾಗದ ಗೋಡೆಗೆ 664 ನ್ಯಾನೋಮೀಟರ್‌ನ ಕೆಂಪು ಲೇಸರ್ ಬಿಟ್ಟು, ಅಂಚಿನಲ್ಲಿ ಉಳಿದಿರಬಹುದಾದ ಕೋಶಗಳನ್ನು ಕೊಲ್ಲಲು ನೋಡುತ್ತಾರೆ. ಚಾಕು ಮತ್ತು ಬೆಳಕು ಒಂದರ ಬದಲು ಇನ್ನೊಂದು ಬರುವಂಥವಲ್ಲ, ಒಂದರ ಹಿಂದೆ ಇನ್ನೊಂದು.

ಆಪರೇಷನ್ ಕೋಣೆಯಲ್ಲಿ ಮೈಕ್ರೋಸ್ಕೋಪಿನೊಳಗೆ ಏನು ಕಾಣುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ಕೋಣೆಯ ದೀಪ ಮಂದ ಮಾಡುತ್ತಾರೆ. ಆರೋಗ್ಯವಂತ ಮಿದುಳು ಮಬ್ಬು ನೀಲಿ. ಗೆಡ್ಡೆಯ ಒಡಲು ದಟ್ಟ ಕೆಂಪು. ಅಂಚಿಗೆ ಬಂದ ಹಾಗೆ ಅದು ತಿಳಿ ಗುಲಾಬಿ. ಕಷ್ಟ ಇರುವುದು ಈ ಗುಲಾಬಿಯಲ್ಲಿ. ಅಲ್ಲಿ ಗೆಡ್ಡೆ ಕೋಶ ಮತ್ತು ಒಳ್ಳೆ ಮಿದುಳು ಬೆರೆತಿರುತ್ತವೆ. ಎಲ್ಲಿ ನಿಲ್ಲಿಸಬೇಕು ಎಂದು ಬಣ್ಣ ತೀರ್ಮಾನಿಸುವುದಿಲ್ಲ, ಸರ್ಜನ್ ತೀರ್ಮಾನಿಸುತ್ತಾರೆ. ಆ ಜಾಗ ಮಾತಿಗೆ ಬೇಕಾದದ್ದೋ ಕೈಯ ಚಲನೆಗೆ ಬೇಕಾದದ್ದೋ ಆಗಿದ್ದರೆ ಕೆಂಪು ಕಂಡರೂ ಬಿಡಬೇಕಾಗಬಹುದು. ಇನ್ನೊಂದು ತೊಂದರೆ ರಕ್ತ. ಹೀಮೋಗ್ಲೋಬಿನ್ ಚೆನ್ನಾಗಿ ಹೀರುವುದು ಇದೇ 400ರ ಆಸುಪಾಸಿನ ನೀಲಿ ಬೆಳಕನ್ನು. ತೆಳ್ಳಗೆ ಒಂದು ಪದರ ರಕ್ತ ಹರಡಿದರೂ ಕೆಳಗಿನ ಗೆಡ್ಡೆ ಕಪ್ಪಾಗಿಬಿಡುತ್ತದೆ. ಹೊಳಪು ಇಲ್ಲ ಅಂದರೆ ಗೆಡ್ಡೆ ಇಲ್ಲ ಅಂತಲೇ ಅಲ್ಲ. ಅದಕ್ಕೆ ಅವರು ತೊಳೆದು ತೊಳೆದು ನೋಡುತ್ತಾರೆ. ಮೂರನೆಯದು, ನೋಡುತ್ತಿರುವ ಬೆಳಕೇ ಅಣುವನ್ನು ಸವೆಸುತ್ತದೆ. ನೀಲಿ ನೇರಳೆ ಬೆಳಕನ್ನು ಒಂದೇ ಜಾಗಕ್ಕೆ ಬಿಡುತ್ತಾ ಹೋದರೆ ಸುಮಾರು 25 ನಿಮಿಷದಲ್ಲಿ ಹೊಳಪು ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿಯುತ್ತದೆ.

ಈ ಸವೆತಕ್ಕೆ ಫೋಟೋಬ್ಲೀಚಿಂಗ್ ಎನ್ನುತ್ತಾರೆ. ಸರ್ಜನ್‌ಗೆ ಇದು ತಲೆನೋವು. ಔಷಧ ಏನು ಮಾಡುತ್ತಿದೆ ಎಂದು ತಿಳಿಯಬೇಕಾದವರಿಗೆ ಇದೇ ದೊಡ್ಡ ಸುಳಿವು. ಯಾಕೆ ಗೊತ್ತಾ? ಔಷಧದ ಅಣು ಬಹುಪಾಲು ಸವೆಯುವುದು ತಾನೇ ಹುಟ್ಟಿಸಿದ ಸಿಂಗ್ಲೆಟ್ ಆಮ್ಲಜನಕ ತನ್ನನ್ನೇ ಕಚ್ಚುವುದರಿಂದ. ಹಾಗಾಗಿ ಬೆಳಕು ಬಿಡುತ್ತಿರುವಾಗ ಹೊಳಪು ಇಳಿಯುತ್ತಿದ್ದರೆ ಅಲ್ಲಿ ಔಷಧ ಇದೆ, ಬೆಳಕು ತಲುಪಿದೆ, ಆಮ್ಲಜನಕವೂ ಇದೆ ಎಂದು ಮೂರೂ ಒಟ್ಟಿಗೆ ತಿಳಿಯುತ್ತದೆ. ಹೊಳಪು ಇದ್ದ ಹಾಗೇ ನಿಂತಿದ್ದರೆ ಮೂರರಲ್ಲಿ ಯಾವುದೋ ಒಂದು ಕೈಕೊಟ್ಟಿದೆ. ಮೊದಲಿಗೆ ಪ್ರಕಾಶಮಾನವಾಗಿದ್ದು ಕೊನೆಯವರೆಗೂ ಹಾಗೇ ಉಳಿದ ಗೆಡ್ಡೆಯ ಚಿತ್ರ ನೋಡಿದರೆ ನನಗೆ ಆತಂಕವೇ ಆಗುತ್ತದೆ. ಪ್ರೋಟೋಪಾರ್ಫಿರಿನ್ ಸವೆದಾಗ ಅದರದ್ದೇ ಒಂದು ಮರಿ ಅಣು ಹುಟ್ಟಿ 670 ನ್ಯಾನೋಮೀಟರ್ ಹತ್ತಿರ ಬೇರೆಯಾಗಿ ಹೊಳೆಯುತ್ತದೆ. ಬಣ್ಣಗಳನ್ನು ಬಿಡಿಸಿ ಅಳೆಯುವ ಸ್ಪೆಕ್ಟ್ರೋಮೀಟರ್ ಇದ್ದರೆ 635 ಇಳಿಯುವುದನ್ನೂ 670 ಏರುವುದನ್ನೂ ಒಟ್ಟಿಗೆ ನೋಡಬಹುದು. ಆದರೂ ಇದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಆಮ್ಲಜನಕ ಬೇಡದ ಬೇರೆ ದಾರಿಯಲ್ಲೂ ಸ್ವಲ್ಪ ಸವೆತ ನಡೆಯುತ್ತದೆ. ಔಷಧದಿಂದ ಔಷಧಕ್ಕೆ ಲೆಕ್ಕ ಬದಲಾಗುತ್ತದೆ.

ಇದೇ ತತ್ವ ಇನ್ನೂ ಸೊಗಸಾಗಿ ಕಾಣುವುದು ಫೋಟೋಇಮ್ಯುನೋಥೆರಪಿಯಲ್ಲಿ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಹಿಸತಕ ಕೊಬಯಾಶಿ ಅವರ ಗುಂಪು 2011ರಲ್ಲಿ ಇದನ್ನು ಪ್ರಕಟಿಸಿತು. ಕ್ಯಾನ್ಸರ್ ಕೋಶದ ಹೊರಮೈಗೆ ಅಂಟುವ ಪ್ರತಿಕಾಯಕ್ಕೆ ಐಆರ್ 700 ಎಂಬ ಬಣ್ಣವನ್ನು ಪೋಣಿಸುತ್ತಾರೆ. 690 ನ್ಯಾನೋಮೀಟರ್ ಬೆಳಕು ಬಿದ್ದಾಗ ಆ ಬಣ್ಣದ ಒಂದು ಭಾಗ ಕಳಚಿಬೀಳುತ್ತದೆ. ಉಳಿದದ್ದು ನೀರಿಗೆ ಸೇರದ ವಸ್ತುವಾಗಿ ಮುದ್ದೆಯಾಗುತ್ತದೆ. ಕೋಶದ ಪೊರೆ ಹರಿದು ಒಳಗೆ ನೀರು ನುಗ್ಗಿ ಕೋಶ ಒಡೆಯುತ್ತದೆ. ಬಣ್ಣ ಕಳಚಿದ ಕೂಡಲೇ ಹೊಳಪೂ ಹೋಗುತ್ತದೆ. ಹಾಗಾಗಿ ಕ್ಯಾಮೆರಾದಲ್ಲಿ ಹೊಳಪು ಆರುವುದು ಕಂಡರೆ ಅಲ್ಲಿಗೆ ಬೆಳಕು ಮುಟ್ಟಿದೆ ಎಂದು ಅಲ್ಲೇ, ಆಗಲೇ ತಿಳಿಯುತ್ತದೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೆ ಇದಕ್ಕೆ 2020ರಲ್ಲಿ ಜಪಾನ್ ಅನುಮತಿ ಕೊಟ್ಟಿದೆ.

ಆಮ್ಲಜನಕದ ಮಾತು ಅರ್ಧಕ್ಕೆ ನಿಂತಿತ್ತು. ಗೆಡ್ಡೆಗಳಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ. ಕೆಲವು ಕಡೆ ಮೊದಲೇ ಆಮ್ಲಜನಕ ಕಡಿಮೆ. ಅದರ ಮೇಲೆ ಜೋರಾಗಿ ಬೆಳಕು ಬಿಟ್ಟರೆ ಇದ್ದಬದ್ದದ್ದೂ ಖಾಲಿಯಾಗುತ್ತದೆ, ರಕ್ತ ತಂದುಕೊಡುವ ವೇಗ ಸಾಲುವುದಿಲ್ಲ. ಆಮೇಲೆ ಎಷ್ಟು ಬೆಳಕು ಸುರಿದರೂ ವ್ಯರ್ಥ. ಹಾಗಾಗಿ ಒಟ್ಟು ಬೆಳಕು ಅಷ್ಟೇ ಇದ್ದರೂ ನಿಧಾನವಾಗಿ ಅಥವಾ ನಡುನಡುವೆ ಬಿಡುವು ಕೊಟ್ಟು ಬಿಟ್ಟಾಗ ಎಷ್ಟೋ ಸಲ ಫಲ ಜಾಸ್ತಿ. ಇದನ್ನು ಜೀವಂತ ಅಂಗಾಂಶದಲ್ಲಿ ನೋಡುವ ಒಂದು ಜಾಣ ಉಪಾಯವಿದೆ. ಪ್ರೋಟೋಪಾರ್ಫಿರಿನ್ ಬೆಳಕು ಹೀರಿದ ಮೇಲೆ ಸಾಮಾನ್ಯ ಹೊಳಪು ಹದಿನಾರು ನ್ಯಾನೋಸೆಕೆಂಡಿನ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಟ್ರಿಪ್ಲೆಟ್‌ಗೆ ಜಾರಿದ ಅಣುವಿಗೆ ಆಮ್ಲಜನಕ ಸಿಗದಿದ್ದರೆ ಅದು ಅಲ್ಲೇ ಕಾಯುತ್ತದೆ. ಕೆಲವು ಅಣುಗಳು ಕಾದು ಕಾದು ಹಿಂದಿನ ಸ್ಥಿತಿಗೆ ಮರಳಿ ತಡವಾಗಿ ಹೊಳೆಯುತ್ತವೆ, ಮೈಕ್ರೋಸೆಕೆಂಡುಗಳಷ್ಟು ತಡ. ಈ ತಡವಾದ ಹೊಳಪು ಜಾಸ್ತಿ ಹೊತ್ತು ಉಳಿದರೆ ಅಲ್ಲಿ ಆಮ್ಲಜನಕ ಕಡಿಮೆ ಎಂದು ಅರ್ಥ. ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಎಗ್ಬರ್ಟ್ ಮಿಕ್ ಅವರ ಗುಂಪು ಇದರಿಂದಲೇ ಚರ್ಮದ ಕೋಶಗಳೊಳಗಿನ ಆಮ್ಲಜನಕ ಅಳೆಯುವ ಉಪಕರಣ ಮಾಡಿತು. ಬ್ರಯನ್ ಪೋಗ್ ಮತ್ತು ಜೊತೆಗಾರರು ಅಮೆರಿಕದ ಡಾರ್ಟ್‌ಮತ್‌ನಲ್ಲಿ ಇಲಿಯ ಗೆಡ್ಡೆಯ ಉಸಿರುಗಟ್ಟಿದ ಭಾಗಗಳ ಚಿತ್ರವನ್ನೇ ತೆಗೆದರು. ಈ ಇಡೀ ಕ್ಷೇತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಕೆಲಸ ಇದು. ಅದೇ ಔಷಧ, ಅದೇ ಬೆಳಕು, ಬರೀ ಯಾವಾಗ ನೋಡುತ್ತೇವೆ ಎಂಬುದನ್ನು ಬದಲಿಸಿದರೆ ಬೇರೆಯೇ ಸಂಗತಿ ಕಾಣುತ್ತದೆ.

ಸಿಂಗ್ಲೆಟ್ ಆಮ್ಲಜನಕವನ್ನೇ ನೇರವಾಗಿ ನೋಡಲಾಗದೇ? ನೋಡಬಹುದು, ತುಂಬಾ ಕಷ್ಟಪಟ್ಟು. ಅದೂ ಒಂದು ಬೆಳಕು ಸೂಸುತ್ತದೆ, 1270 ನ್ಯಾನೋಮೀಟರ್‌ನಲ್ಲಿ. ನಮ್ಮ ಕಣ್ಣಿಗೆ ಕಾಣದು, ಸಾಮಾನ್ಯ ಕ್ಯಾಮೆರಾಕ್ಕೂ ಕಾಣದು. ಕೋಶದೊಳಗೆ ಅದು ಬೆಳಕು ಸೂಸುವ ಮೊದಲೇ ಯಾವುದಕ್ಕಾದರೂ ಅಂಟಿಕೊಂಡುಬಿಡುತ್ತದೆ. ಹತ್ತು ಕೋಟಿಯಲ್ಲಿ ಒಂದರ ಆಸುಪಾಸು ಮಾತ್ರ ಬೆಳಕಾಗಿ ಹೊರಬರುತ್ತದೆ. 2002ರಲ್ಲಿ ಕೆನಡಾದ ಮಾರ್ಕ್ ನೀಡ್ರೆ, ಮೈಕೆಲ್ ಪ್ಯಾಟರ್ಸನ್, ಬ್ರಯನ್ ವಿಲ್ಸನ್ ಇದನ್ನು ಕೋಶಗಳಲ್ಲೂ ಜೀವಂತ ಇಲಿಯಲ್ಲೂ ಹಿಡಿದು ತೋರಿಸಿದರು. ಇದು ಉಳಿದ ಅಳತೆಗಳು ಸರಿಯೋ ತಪ್ಪೋ ಎಂದು ಹೋಲಿಸಿ ನೋಡುವ ಒರೆಗಲ್ಲಿನಂತೆ ಪ್ರಯೋಗಾಲಯದಲ್ಲಿ ಬಳಕೆಯಲ್ಲಿದೆ. ದಿನನಿತ್ಯದ ಚಿಕಿತ್ಸೆಗೆ ಇನ್ನೂ ಬಂದಿಲ್ಲ.

ಇನ್ನು ಹೊಟ್ಟೆಯೊಳಗಿನ ಗೆಡ್ಡೆಯ ಪ್ರಶ್ನೆ. ರಾತ್ರಿ ದೀಪ ಆರಿಸಿ ಮೊಬೈಲ್ ಟಾರ್ಚ್ ಮೇಲೆ ಬೆರಳಿಟ್ಟು ನೋಡಿ. ಬೆರಳು ಕೆಂಪಗೆ ಕಾಣುತ್ತದೆ. ಟಾರ್ಚಿನ ಬಿಳಿ ಬೆಳಕಿನಲ್ಲಿ ನೀಲಿ, ಹಸಿರು ಎಲ್ಲ ಇತ್ತು. ಅದನ್ನು ರಕ್ತ ಹೀರಿಕೊಂಡಿತು, ಕೆಂಪು ಮಾತ್ರ ದಾಟಿ ಬಂತು. ಇನ್ನೊಂದನ್ನೂ ಗಮನಿಸಿ. ಬೆರಳಿನೊಳಗಿನ ಮೂಳೆಯ ನೆರಳು ಕಾಣುವುದಿಲ್ಲ. ಬೆಳಕು ಒಳಗೆ ಹೋಗಿದೆ, ಆದರೆ ಎಲ್ಲೆಂದರಲ್ಲಿ ತಿರುಗಿ ಚದುರಿಹೋಗಿದೆ. ದೇಹದೊಳಗೆ ಬೆಳಕಿನಿಂದ ನೋಡುವವರ ಎರಡು ಕಷ್ಟಗಳೂ ಈ ಬೆರಳಿನಲ್ಲೇ ಇವೆ.

ಹಾಗಾಗಿ ಔಷಧ ಮಾಡುವವರು ಹೆಚ್ಚು ಹೆಚ್ಚು ಕೆಂಪಿನ ಕಡೆ ಹೋಗುತ್ತಾರೆ. ಫೋಟೋಫ್ರಿನ್‌ಗೆ ಬಿಡುವುದು 630 ನ್ಯಾನೋಮೀಟರ್ ಬೆಳಕು, ಟೆಮೊಪೋರ್ಫಿನ್ ಎಂಬ ಔಷಧಕ್ಕೆ 652, ಪಡೆಲಿಪೋರ್ಫಿನ್ ಎಂಬುದಕ್ಕೆ 753. 630ರ ಬೆಳಕು ಕೆಲವು ಮಿಲಿಮೀಟರ್ ತನಕ ಪರಿಣಾಮಕಾರಿ, 750ರದ್ದು ಇನ್ನೂ ಸ್ವಲ್ಪ ಆಳಕ್ಕೆ ಇಳಿಯುತ್ತದೆ. ಹಾಗೇ ಮುಂದೆ ಮುಂದೆ ಹೋಗುವಂತೆಯೂ ಇಲ್ಲ. 800 ದಾಟಿ ಸ್ವಲ್ಪ ದೂರ ಹೋದರೆ ಆ ಬೆಳಕಿಗೆ ಸಿಂಗ್ಲೆಟ್ ಆಮ್ಲಜನಕ ಹುಟ್ಟಿಸುವಷ್ಟು ಶಕ್ತಿ ಉಳಿಯುವುದಿಲ್ಲ.

ಹೊರಗಿನಿಂದ ಹೊಟ್ಟೆಯೊಳಗಿನ ಗೆಡ್ಡೆಯ ಸ್ಪಷ್ಟ ಚಿತ್ರ ತೆಗೆಯುವುದು, ಸದ್ಯಕ್ಕೆ ಮನುಷ್ಯರಲ್ಲಿ, ಆಗದು. ಚರ್ಮದಿಂದ ಕೆಲವು ಸೆಂಟಿಮೀಟರ್ ಆಳದಿಂದಲೂ ಹೊಳಪು ಹೊರಗೆ ಬರಬಹುದು, ಆದರೆ ಮಂಜು ಕವಿದ ಚಾರ್ಮಾಡಿ ಘಾಟಿಯಲ್ಲಿ ಎದುರು ಬರುವ ಗಾಡಿಯ ಹೆಡ್‌ಲೈಟಿನ ಹಾಗೆ. ಏನೋ ಇದೆ ಎಂದು ಗೊತ್ತಾಗುತ್ತದೆ, ಅದರ ಆಕಾರ ಗೊತ್ತಾಗುವುದಿಲ್ಲ. ಬೆಳಕು ಬಿಟ್ಟು ಶಬ್ದ ಕೇಳಿಸಿಕೊಳ್ಳುವ ಫೋಟೋಅಕೌಸ್ಟಿಕ್ ವಿಧಾನದಲ್ಲಿ ಚದುರುವಿಕೆಯ ಕಾಟ ಕಡಿಮೆ, ಯಾಕೆಂದರೆ ಔಷಧ ಹೀರಿದ ಬೆಳಕು ಶಾಖವಾಗಿ, ಶಾಖ ಅಲ್ಟ್ರಾಸೌಂಡ್ ಅಲೆಯಾಗಿ ಹೊರಬರುತ್ತದೆ. ಈ ದಾರಿಯಲ್ಲಿ ಚುರುಕಾಗಿ ಕೆಲಸ ನಡೆಯುತ್ತಿದೆ.

ಸದ್ಯ ಆಸ್ಪತ್ರೆಗಳು ಮಾಡುವುದು ಸರಳ ಉಪಾಯ: ಬೆಳಕನ್ನೇ ಒಳಗೆ ಒಯ್ಯುವುದು. ಅನ್ನನಾಳಕ್ಕೆ, ಶ್ವಾಸನಾಳಕ್ಕೆ ಎಂಡೋಸ್ಕೋಪ್. ಮೂತ್ರಕೋಶಕ್ಕೆ ಎಎಲ್‌ಎಯ ಒಂದು ತಮ್ಮನಂಥ ಔಷಧವನ್ನು ಕ್ಯಾತಿಟರ್ ಮೂಲಕ ತುಂಬಿ, ಸುಮಾರು ಒಂದು ಗಂಟೆ ಬಿಟ್ಟು ನೀಲಿ ಬೆಳಕಿನಲ್ಲಿ ನೋಡುತ್ತಾರೆ. ಸಾಮಾನ್ಯ ಬೆಳಕಿನಲ್ಲಿ ಕಣ್ತಪ್ಪುವ ಚಪ್ಪಟೆ ಕಲೆಗಳು ಹೀಗೆ ಸಿಗುತ್ತವೆ. ಪ್ರಾಸ್ಟೇಟ್‌ನಂತಹ ಗಟ್ಟಿ ಅಂಗಕ್ಕೆ ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯಷ್ಟು ತೆಳ್ಳಗಿನ ಬೆಳಕಿನ ಎಳೆಗಳನ್ನು ತೂರಿಸುತ್ತಾರೆ. ಸ್ವೀಡನ್ನಿನ ಲುಂಡ್‌ನಲ್ಲಿ ಸ್ವಾನ್‌ಬರ್ಗ್ ದಂಪತಿ ಮತ್ತು ಆಂಡರ್ಸನ್ ಎಂಗೆಲ್ಸ್ ಅವರ ಬಳಗ ಇದನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದಿತು. ಚಿಕಿತ್ಸೆಗೆ ಬೆಳಕು ಕೊಡುವ ಎಳೆಯಿಂದಲೇ ನಡುನಡುವೆ ವಾಪಸ್ ಬರುವ ಬೆಳಕನ್ನೂ ಅಳೆದರು. ಒಂದು ಎಳೆಯಿಂದ ಇನ್ನೊಂದು ಎಳೆಗೆ ಎಷ್ಟು ಬೆಳಕು ದಾಟುತ್ತಿದೆ, ಔಷಧ ಎಷ್ಟು ಉಳಿದಿದೆ, ರಕ್ತದಲ್ಲಿ ಆಮ್ಲಜನಕ ಹೇಗಿದೆ ಎಂದು ನೋಡಿಕೊಂಡು ಪ್ರತಿ ಎಳೆಯ ಸಮಯವನ್ನು ಅಲ್ಲೇ ಬದಲಿಸುವುದು ಇದರ ಉದ್ದೇಶ. ಪುಸ್ತಕದಲ್ಲಿರುವ ಒಂದೇ ಡೋಸನ್ನು ಎಲ್ಲರಿಗೂ ಕೊಡುವುದಕ್ಕಿಂತ ಇದು ಎಷ್ಟೋ ಮೇಲು ಎಂದು ನಾನು ನಂಬುತ್ತೇನೆ. ಟೆಮೊಪೋರ್ಫಿನ್‌ಗೆ ನಿಗದಿಯಾಗಿರುವುದು ಚುಚ್ಚುಮದ್ದು ಕೊಟ್ಟ ನಾಲ್ಕನೇ ದಿನ, ಚದರ ಸೆಂಟಿಮೀಟರ್‌ಗೆ 20 ಜೂಲ್, ಅಂದರೆ 200 ಸೆಕೆಂಡಿನ ಬೆಳಕು. ಆದರೆ ನಾಲ್ಕನೇ ದಿನ ಒಬ್ಬರ ಗೆಡ್ಡೆಯಲ್ಲಿರುವಷ್ಟೇ ಔಷಧ ಇನ್ನೊಬ್ಬರ ಗೆಡ್ಡೆಯಲ್ಲೂ ಇರುತ್ತದೆಯೇ? ಇರುವುದಿಲ್ಲ. ನೋಡಿ ಕೊಡುವುದಕ್ಕೂ ನೋಡದೆ ಕೊಡುವುದಕ್ಕೂ ಇರುವ ವ್ಯತ್ಯಾಸ ಅದು.

ಔಷಧ ಒಳಗೆ ಹೋಗುವ ದಾರಿಯನ್ನು ಅತಿ ಹತ್ತಿರದಿಂದ ತೋರಿಸಿದ್ದು ಪ್ರಾಣಿಗಳ ಮೇಲಿನ ಮೈಕ್ರೋಸ್ಕೋಪಿ. ಇಲಿಯ ಬೆನ್ನಿನ ಚರ್ಮದ ಮಡಿಕೆಗೆ ಗಾಜಿನ ಸಣ್ಣ ಕಿಟಕಿ ಕೂರಿಸಿ, ಅದರೊಳಗಿನ ಗೆಡ್ಡೆಯನ್ನು ದಿನಗಟ್ಟಲೆ ನೋಡಬಹುದು. ಚುಚ್ಚಿದ ಕೂಡಲೇ ರಕ್ತನಾಳಗಳು ಹೊಳೆಯುತ್ತವೆ. ಹೊತ್ತು ಹೋದ ಹಾಗೆ ಹೊಳಪು ಗೋಡೆ ದಾಟಿ ಕೋಶಗಳ ನಡುವೆ ಹರಡುತ್ತದೆ, ಆಮೇಲೆ ಕೋಶಗಳೊಳಗೆ ಸೇರುತ್ತದೆ. ನಾಳಗಳಲ್ಲಿ ಇರುವಾಗಲೇ ಬೆಳಕು ಬಿಟ್ಟರೆ ನಾಳಗಳು ಮುಚ್ಚಿ ಗೆಡ್ಡೆಗೆ ರಕ್ತ ನಿಲ್ಲುತ್ತದೆ. ಕಾದು ಬಿಟ್ಟರೆ ಕೋಶಗಳು ಸಾಯುತ್ತವೆ. ಅದೇ ಔಷಧ, ಅದೇ ಬೆಳಕು, ಬೇರೆ ಚಿಕಿತ್ಸೆ. ಪ್ರಾಸ್ಟೇಟ್‌ಗೆ ಬಳಸುವ ಪಡೆಲಿಪೋರ್ಫಿನ್ ಮೊದಲನೇ ಬಗೆಯದು. ಔಷಧ ಹರಿಸಿದ ಬೆನ್ನಿಗೇ ಬೆಳಕು.

ಹೊಳಪು ಮೋಸ ಮಾಡುವುದೂ ಉಂಟು, ಅದರಲ್ಲೂ ಬಾಯಿಯಲ್ಲಿ. ನಾಲಿಗೆಯ ಮೇಲೆ, ಹಲ್ಲಿನ ಪಾಚಿಯಲ್ಲಿ ಇರುವ ಬ್ಯಾಕ್ಟೀರಿಯಾಗಳು ತಾವೇ ಪಾರ್ಫಿರಿನ್ ಮಾಡುತ್ತವೆ. ಯಾವ ಔಷಧವೂ ಇಲ್ಲದೆ ಅವು ನೀಲಿ ಬೆಳಕಿನಲ್ಲಿ ಕೆಂಪಗೆ ಕಾಣುತ್ತವೆ. ಎಲೆ ಅಡಿಕೆ, ಗುಟ್ಕಾ, ಹೊಗೆಸೊಪ್ಪಿನಿಂದ ಬಾಯಿ ಕ್ಯಾನ್ಸರ್ ಹೆಚ್ಚಿರುವ ನಮ್ಮ ದೇಶದಲ್ಲಿ ಇದು ನೆನಪಿಡಬೇಕಾದ ವಿಷಯ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ವೈದ್ಯರು, ಅಮೆರಿಕದ ತಯ್ಯಬಾ ಹಸನ್ ಮತ್ತು ಜೊನಾಥನ್ ಸೆಲ್ಲಿ ಅವರ ಗುಂಪುಗಳ ಜೊತೆ ಸೇರಿ, ಆರಂಭದ ಹಂತದ ಬಾಯಿ ಕ್ಯಾನ್ಸರ್‌ಗೆ ಎಎಲ್‌ಎ ಪಿಡಿಟಿ ಪರೀಕ್ಷಿಸಿದ್ದಾರೆ. ಬೆಳಕು ಬ್ಯಾಟರಿಯಿಂದ ನಡೆಯುವ ಎಲ್‌ಇಡಿಯದ್ದು, ಹೊಳಪಿನ ಚಿತ್ರ ಸ್ಮಾರ್ಟ್‌ಫೋನಿನದ್ದು. ಕರೆಂಟು ಹೋಗುವ ಊರಿನಲ್ಲೂ ನಡೆಯಬೇಕು ಎಂದು ಯೋಚಿಸಿ ಮಾಡಿದ ಸಲಕರಣೆ ಅದು, ದೊಡ್ಡ ಲೇಸರ್ ಕೊಳ್ಳಲಾಗದ ಆಸ್ಪತ್ರೆಗಳಿಗೆ ಬೇಕಾದದ್ದೂ ಅದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಖಿಲ್ ಚಕ್ರವರ್ತಿ ಅವರ ಗುಂಪು ಕಬ್ಬಿಣ, ವನೇಡಿಯಂ, ಪ್ಲಾಟಿನಂ ಇರುವ, ಬೆಳಕಿಗೆ ಚುರುಕಾಗುವ ಅಣುಗಳನ್ನು ವರ್ಷಗಳಿಂದ ಮಾಡುತ್ತಾ ಬಂದಿದೆ. ಅಣುವಿಗೇ ಹೊಳೆಯುವ ತುಣುಕೊಂದನ್ನು ಜೋಡಿಸಿ, ಅದು ಕೋಶದ ಯಾವ ಮೂಲೆಗೆ ಹೋಗುತ್ತದೆ ಎಂದು ನೋಡುವುದು ಅವರ ಕೆಲಸದ ಒಂದು ಭಾಗ.

ಕೊನೆಗೆ ನಿಮ್ಮ ದೊಡ್ಡಪ್ಪನ ವಿಷಯ. ಔಷಧ ಗೆಡ್ಡೆಯಲ್ಲಿ ಮಾತ್ರ ಇರುವುದಿಲ್ಲ, ಚರ್ಮದಲ್ಲೂ ಸ್ವಲ್ಪ ಸೇರುತ್ತದೆ. 1913ರಲ್ಲಿ ಫ್ರೀಡ್ರಿಶ್ ಮೇಯರ್ ಬೆಟ್ಸ್ ಎಂಬ ಜರ್ಮನ್ ವೈದ್ಯರು ತಮಗೆ ತಾವೇ ಇದೇ ಜಾತಿಯ ಹೆಮಟೋಪಾರ್ಫಿರಿನ್ ಎಂಬ ವಸ್ತುವನ್ನು 200 ಮಿಲಿಗ್ರಾಂ ಚುಚ್ಚಿಕೊಂಡ ವರದಿ ಪ್ರಕಟಿಸಿದರು. ಬಿಸಿಲಿಗೆ ಹೋದಾಗ ಮುಖ ಕೈ ಗುರುತು ಸಿಗದಷ್ಟು ಊದಿಕೊಂಡಿತ್ತು, ತೊಂದರೆ ಎರಡು ತಿಂಗಳ ಮೇಲೂ ಇತ್ತು. ಫೋಟೋಫ್ರಿನ್ ತೆಗೆದುಕೊಂಡವರು ಇಂದಿಗೂ ಕನಿಷ್ಠ 30 ದಿನ ಬಿಸಿಲು ತಪ್ಪಿಸಬೇಕು. ಆದರೆ ಅವರಿಗೂ ಕತ್ತಲೆ ಕೋಣೆಯಲ್ಲಿ ಕೂರಬೇಡಿ ಎಂದೇ ಹೇಳುತ್ತಾರೆ, ಮನೆಯೊಳಗಿನ ಮಂದ ಬೆಳಕು ಚರ್ಮದಲ್ಲಿರುವ ಔಷಧವನ್ನು ನಿಧಾನವಾಗಿ ಸವೆಸುತ್ತದೆ. ಆಗಲೇ ಹೇಳಿದ ಫೋಟೋಬ್ಲೀಚಿಂಗ್ ಇಲ್ಲಿ ಉಪಕಾರಿ.

ಎಎಲ್‌ಎ ಬೇಗ ಹೊರಟುಹೋಗುತ್ತದೆ. ಕುಡಿದ ಮೇಲೆ 48 ಗಂಟೆ ನೇರ ಬಿಸಿಲು, ಕಣ್ಣಿಗೆ ಹೊಡೆಯುವ ದೀಪ ತಪ್ಪಿಸಿದರೆ ಸಾಕು. ವಾರ್ಡಿನಲ್ಲಿ ಕಿಟಕಿ ಪಕ್ಕದ ಹಾಸಿಗೆ ಬೇಡ ಎಂದು ಕೇಳಿ. ಸನ್‌ಸ್ಕ್ರೀನ್ ಹಚ್ಚಿ ಸುಮ್ನೆ ಧೈರ್ಯ ತಂದುಕೊಳ್ಳಬೇಡಿ. ಮಾಮೂಲಿ ಸನ್‌ಸ್ಕ್ರೀನ್ ತಡೆಯುವುದು ಅತಿನೇರಳೆ ಬೆಳಕನ್ನು, ಈ ಔಷಧ ಚುರುಕಾಗುವುದು ಕಣ್ಣಿಗೆ ಕಾಣುವ ಬೆಳಕಿನಲ್ಲಿ. ಉದ್ದ ತೋಳಿನ ಅಂಗಿ, ಟೋಪಿ ಮೇಲು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್‌ನಲ್ಲೂ ಕೆಂಪು ದೀಪವಿದೆ. ಟೆಮೊಪೋರ್ಫಿನ್‌ನಂತಹ ಬಲವಾದ ಔಷಧ ಕೊಟ್ಟವರಿಗೆ ಅದನ್ನು ಒಂದೇ ಬೆರಳಿನಲ್ಲಿ ಇಡದೆ 10–15 ನಿಮಿಷಕ್ಕೊಮ್ಮೆ ಜಾಗ ಬದಲಿಸುತ್ತಾರೆ, ಇಲ್ಲದಿದ್ದರೆ ಬೆರಳು ಸುಡುತ್ತದೆ.

ದೊಡ್ಡಪ್ಪ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಅರಿವಳಿಕೆ ಡಾಕ್ಟರಿಗೆ ಕೊಡಿ. ಡಾಕ್ಸಿಸೈಕ್ಲಿನ್‌ನಂತಹ ಆಂಟಿಬಯೋಟಿಕ್, ಬಿಪಿಗೆ ಕೊಡುವ ಥಯಾಜೈಡ್ ಮಾತ್ರೆ ಇವೆಲ್ಲ ಚರ್ಮವನ್ನು ಬೆಳಕಿಗೆ ಇನ್ನಷ್ಟು ನಾಜೂಕು ಮಾಡುತ್ತವೆ. ಮನೆತನದಲ್ಲಿ ಯಾರಿಗಾದರೂ ಪಾರ್ಫೀರಿಯಾ ಎಂಬ ಕಾಯಿಲೆ ಇದ್ದರೆ ಅದನ್ನು ಮೊದಲೇ ಹೇಳಲೇಬೇಕು. ಆಪರೇಷನ್ ಆದ ಮೇಲೆ ಕೇಳುವುದಿದ್ದರೆ ಎರಡು ಕೇಳಿ: ಗೆಡ್ಡೆ ಚೆನ್ನಾಗಿ ಹೊಳೆಯಿತೇ, ಹೊಳೆಯುತ್ತಿದ್ದ ಭಾಗ ಏನಾದರೂ ಬಿಡಬೇಕಾಯಿತೇ, ಬಿಟ್ಟಿದ್ದರೆ ಯಾಕೆ. ಗೆಡ್ಡೆ ನಿಧಾನವಾಗಿ ಬೆಳೆಯುವ ಜಾತಿಯದ್ದಾದರೆ ಕಣ್ಣಿಗೆ ಹೊಳಪೇ ಕಾಣದಿರಬಹುದು, ಅದಕ್ಕೆ ಗಾಬರಿ ಬೇಡ. ಆಗ ಅವರು ಎಂಆರ್‌ಐ ಮತ್ತು ಇತರ ಉಪಕರಣಗಳ ಆಧಾರದಲ್ಲಿ ಕೆಲಸ ಮಾಡಿರುತ್ತಾರೆ.